ಮೂಲೆ ಮುರಿದ ಕ್ಯಾಸೆಟ್ಟು

ತ್ಯಾಗರಾಜನಗರ ಎಂದು ವಿಳಾಸ ಹೇಳಿದಾಗಲೆಲ್ಲ ಹೊಸಬರು ಯಾರಾದರೂ, "ಹಾಗಾದರೆ ನಿಮ್ಮ ಮನೆಯಲ್ಲಿ ಎಲ್ಲರೂ ಹಾಡುತ್ತೀರಿ ಅನ್ನಿ" ಎಂದು ತಮಾಷೆ ಮಾಡುವುದುಂಟು. "ಹಾಡುವವರು ಯಾರೂ ಇಲ್ಲ, ಕೇಳುವವರು ಮಾತ್ರ" ಎಂದು ನಾನೂ ನಕ್ಕು ಉತ್ತರ ಕೊಡುತ್ತಿದ್ದೆ. ಆ ಉತ್ತರ ಪೂರ್ತಿ ನಿಜವಲ್ಲ. ಹಾಗೆ ನೋಡಿದರೆ, ಕಳೆದ ವರ್ಷ ಮಗಳು ನಮ್ಮ ಮನೆಗೊಂದು ಹೊಸ ಯಂತ್ರ ತರುತ್ತೇನೆಂದು ಹಟ ಹಿಡಿಯದೆ ಹೋಗಿದ್ದರೆ, ಆ ಉತ್ತರದಲ್ಲಿ ಅಡಗಿದ್ದ ಸುಳ್ಳು ನನಗೂ ಮರೆತೇ ಹೋಗುತ್ತಿತ್ತೋ ಏನೋ.

ಅಟ್ಟದ ಮೇಲೆ ಇವರದೊಂದು ಟ್ರಂಕು ಇತ್ತು. ತುಂಬ ಕ್ಯಾಸೆಟ್ಟುಗಳು, ಎಣಿಸಿದರೆ ನೂರಾ ನಲವತ್ತು. ಒಂದೊಂದರ ಮೇಲೂ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ರಾಗ, ತಾಳ, ತಾರೀಖು. ಶನಿವಾರ ರಾತ್ರಿ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಮನೆಯಲ್ಲಿ ಯಾರೂ ಕೆಮ್ಮುವ ಹಾಗಿರಲಿಲ್ಲ. 1939ರಲ್ಲಿ ಹುಟ್ಟಿದ ರಾಮಸೇವಾ ಮಂಡಲಿಯವರ ರಾಮೋತ್ಸವದ ಕಚೇರಿಗಳನ್ನು ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಕೂತು ಕೇಳಿ, ನಡುರಾತ್ರಿ ನಡೆದೇ ಮನೆಗೆ ಬಂದವರು ನಾವು. ಟಿಕೆಟ್ಟಿಗೆ ದುಡ್ಡಿಲ್ಲದ ವರ್ಷ ಹೊರಗೆ ರಸ್ತೆಯ ಬದಿಯಲ್ಲಿ ವೃತ್ತಪತ್ರಿಕೆ ಹಾಸಿಕೊಂಡು ಕೇಳಿದ್ದೂ ಉಂಟು. ಇವರು ಹೋದ ಮೇಲೆ ಆ ಟ್ರಂಕನ್ನು ತೆರೆಯುವ ಮನಸ್ಸೇ ಆಗಿರಲಿಲ್ಲ. ಒಂದು ಮಳೆಗಾಲ ಕಳೆದ ಮೇಲೆ ಇಳಿಸಿ ನೋಡಿದರೆ ಕೆಲವು ಟೇಪುಗಳ ಮೇಲೆ ಬೆಳ್ಳಗೆ ಬೂಷ್ಟು ಹಿಡಿದಿತ್ತು.

"ಇದನ್ನೆಲ್ಲ ಕಂಪ್ಯೂಟರಿಗೆ ಹಾಕಿಬಿಡೋಣ ಅಮ್ಮ. ಮನೆಗೇ ಒಂದು ಸಂಗೀತದ ಸರ್ವರ್ ಮಾಡೋಣ" ಎಂದಳು ಜೆ.ಪಿ. ನಗರದಲ್ಲಿರುವ ಮಗಳು. ಸರ್ವರ್ ಎಂದರೆ ನನಗೆ ಬ್ಯಾಂಕಿನಲ್ಲಿ ಕೆಟ್ಟುಹೋಗುವ ಒಂದು ವಸ್ತು ಎಂದಷ್ಟೇ ಗೊತ್ತಿತ್ತು. ಅವಳು ಹೇಳಿದ ಮೇಲೆ ಅರ್ಥವಾಯಿತು. ತಾರಸಿಯ ಮೇಲಿನ ನೀರಿನ ಟ್ಯಾಂಕು ಇದ್ದ ಹಾಗೆ ಅದು. ನೀರೆಲ್ಲ ಒಂದು ಕಡೆ. ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ಹಿತ್ತಲಲ್ಲಿ ಎಲ್ಲಿ ನಲ್ಲಿ ತಿರುಗಿಸಿದರೂ ಬರುತ್ತದೆ. ಹಾಡೆಲ್ಲ ಒಂದು ಪೆಟ್ಟಿಗೆಯಲ್ಲಿ, ಕೇಳುವುದು ಬೇಕಾದ ಕೋಣೆಯಲ್ಲಿ.

ಸರಿ, ಟ್ಯಾಂಕು ಎಷ್ಟು ದೊಡ್ಡದು ಬೇಕು? ಇಲ್ಲಿ ನಮ್ಮಿಬ್ಬರಿಗೂ ಮೊದಲ ಜಗಳ. ಅವಳು ತಂದ ಪಟ್ಟಿಯಲ್ಲಿ ಭಾರೀ ಪ್ರೊಸೆಸರು, ಎಂಟು ಟೆರಾಬೈಟಿನ ಡಿಸ್ಕು ಎಂದೆಲ್ಲ ಇತ್ತು. ಇಬ್ಬರ ಕಾಫಿಗೆ ಬಚ್ಚಲ ಹಂಡೆಯಲ್ಲಿ ನೀರು ಕಾಯಿಸಿದ ಹಾಗಾಯಿತಲ್ಲೇ ಎಂದೆ. ಕಾಗದ ಪೆನ್ನು ಹಿಡಿದು ಕೂತೆವು. ಸಿ.ಡಿ.ಯ ಗುಣಮಟ್ಟದಲ್ಲಿ ಒಂದು ನಿಮಿಷದ ಸಂಗೀತಕ್ಕೆ ಸುಮಾರು 10 ಮೆಗಾಬೈಟ್ ಜಾಗ ಬೇಕಂತೆ. ಏನನ್ನೂ ಬಿಡದೆ ಒತ್ತಿ ಮಡಿಸಿಡುವ ಫ್ಲ್ಯಾಕ್ ಎಂಬ ಪದ್ಧತಿಯಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಗಂಟೆಗೆ 300 ಮೆಗಾಬೈಟಿನ ಆಸುಪಾಸು. ನಮ್ಮ ಕ್ಯಾಸೆಟ್ಟುಗಳು ಸರಾಸರಿ ಒಂದು ಗಂಟೆಯವು. ಎಲ್ಲ ಸೇರಿಸಿದರೂ 50 ಗಿಗಾಬೈಟ್ ದಾಟುವುದಿಲ್ಲ! ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಮೂರು ಸಾವಿರ ಗಂಟೆ ಸಂಗೀತ ಹಿಡಿಯುತ್ತದೆ. ನಾನು ಬದುಕಿರುವಷ್ಟು ದಿನ ಕೇಳಿದರೂ ಉಳಿಯುತ್ತದೆ.

"ಜಾಗ ಹೆಚ್ಚಿದ್ದರೆ ಒಳ್ಳೆಯದಲ್ವಾ ಅಮ್ಮ? ಯಾವುದನ್ನೂ ಬಿಸಾಡೋ ಯೋಚನೆಯೇ ಇರಲ್ಲ."

ಆ ಮಾತು ಆಗ ನನಗೆ ಸರಿಯಾಗಿಯೇ ಕಂಡಿತ್ತು. ಖಾಲಿ ಕ್ಯಾಸೆಟ್ಟು ತುಟ್ಟಿಯಾಗಿದ್ದ ಕಾಲದಲ್ಲಿ ಒಂದರ ಮೇಲೊಂದು ಅಳಿಸಿ ಬರೆದವರು ನಾವು. ಹೊಸ ಕಲ್ಯಾಣಿಗಾಗಿ ಹಳೆಯ ತೋಡಿಯನ್ನು ಬಲಿ ಕೊಡಬೇಕಾಗುತ್ತಿತ್ತು. ಇನ್ನು ಆ ಸಂಕಟವಿಲ್ಲ ಎನಿಸಿತು.

ಯಂತ್ರದ ಆಯ್ಕೆಗೆ ಎಸ್.ಪಿ. ರಸ್ತೆಗೂ ಹೋಗಿಬಂದೆವು. ಮಾರ್ಕೆಟ್ಟಿನ ಆಚೆಗಿನ ಆ ಕಿರಿದಾದ ರಸ್ತೆಯಲ್ಲಿ, ಸಂತೆಯಲ್ಲಿ ಸೊಪ್ಪು ಗುಡ್ಡೆ ಹಾಕಿದ ಹಾಗೆ ಕಂಪ್ಯೂಟರಿನ ಕೈಕಾಲುಗಳನ್ನು ಗುಡ್ಡೆ ಹಾಕಿಕೊಂಡಿರುತ್ತಾರೆ. ನಮ್ಮ ಮುಂದೆ ಮೂರು ದಾರಿಗಳಿದ್ದವು. ಮನೆಯಲ್ಲೇ ಬಿದ್ದಿದ್ದ ಹಳೆಯ ಡೆಸ್ಕ್‌ಟಾಪನ್ನು ಬಳಸುವುದು ಒಂದು. ಎರಡು ಡಿಸ್ಕು ಕೂರಿಸುವಂಥ ಸಿದ್ಧ ಪೆಟ್ಟಿಗೆ ಕೊಳ್ಳುವುದು ಇನ್ನೊಂದು. ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಹಲಗೆಗೆ ಹೊರಗಿನಿಂದ ಡಿಸ್ಕು ಸಿಕ್ಕಿಸುವುದು ಮೂರನೆಯದು.

ಹಳೆಯದನ್ನು ಬಳಸುವುದೇ ಜಾಣತನ ಎಂದು ನನ್ನ ಮನಸ್ಸು. ಸಂಗೀತ ಹರಿಸುವ ಕೆಲಸಕ್ಕೆ ದೊಡ್ಡ ಮಿದುಳೇನೂ ಬೇಕಾಗಿಲ್ಲ, ಯಾವ ಹಳೆಯ ಯಂತ್ರವೂ ಮಾಡುತ್ತದೆ. ಆದರೆ ಅದು 80 ವ್ಯಾಟ್ ತಿಂದರೆ, ವರ್ಷವಿಡೀ ಹಗಲೂರಾತ್ರಿ ಉರಿದಾಗ 700 ಯೂನಿಟ್ ಆಗುತ್ತದೆ. ಪುಟ್ಟ ಹಲಗೆ 5 ವ್ಯಾಟ್ ತಿಂದರೆ ವರ್ಷಕ್ಕೆ 44 ಯೂನಿಟ್. ಅದೂ ಅಲ್ಲದೆ ಹಳೆಯದಕ್ಕೆ ಫ್ಯಾನುಂಟು. ವೀಣೆಯ ಮೀಟು ಸಣ್ಣಗಾಗುತ್ತ ಆಗುತ್ತ ಕೊನೆಗೆ ಉಳಿಯುವುದು ಫ್ಯಾನಿನ ಗುಂಯ್‌ಗುಡುವಿಕೆಯಾದರೆ ಏನು ಚೆಂದ? ಸಿದ್ಧ ಪೆಟ್ಟಿಗೆ ಅನುಕೂಲವೇನೋ ಹೌದು, ಆದರೆ ನಮ್ಮ ಬೇಡಿಕೆಗೆ ಅದರ ಬೆಲೆ ಹೆಚ್ಚು. ಪುಟ್ಟ ಹಲಗೆಯೇ ಗೆದ್ದಿತು. ಅದರ ಸ್ವಂತ ಧ್ವನಿ ಸಾಧಾರಣವೆಂದು ಅಂಕಿಗಳನ್ನು ನಾದವಾಗಿಸುವ ಡ್ಯಾಕ್ ಎಂಬ ಸಣ್ಣ ಡಬ್ಬಿಯೊಂದನ್ನು ಜೊತೆಗೆ ಕೊಂಡು, ಇವರ ಹಳೆಯ ಆಂಪ್ಲಿಫೈಯರಿಗೆ ಜೋಡಿಸಿದೆವು. ಕರೆಂಟು ಹಠಾತ್ತನೆ ಹೋದರೆ ಡಿಸ್ಕಿಗೆ ಪೆಟ್ಟೆಂದು ಎಲ್ಲವನ್ನೂ ಮನೆಯ ಇನ್ವರ್ಟರಿಗೆ ಸೇರಿಸಿದ್ದಾಯಿತು.

ನಾನು ಹಾಕಿದ ಷರತ್ತು ಒಂದೇ. ಮನೆಗೆ ಬಂದ ಯಾರೇ ಆಗಲಿ, ಯಾರನ್ನೂ ಕೇಳದೆ ತಮಗೆ ಬೇಕಾದ ಹಾಡನ್ನು ಹಾಕಿಕೊಳ್ಳುವಂತಿರಬೇಕು. ಇದಕ್ಕೆ ಕಾರಣವಿದೆ. ದುಬೈಯಿಂದ ಬಂದವರೊಬ್ಬರ ಕೈಯಿಂದ ಇವರು ಕೊಂಡ ನ್ಯಾಷನಲ್ ಪ್ಯಾನಸೋನಿಕ್ ಟೇಪ್ ರೆಕಾರ್ಡರು ವರ್ಷಗಟ್ಟಲೆ ನಡುಮನೆಯ ಎತ್ತರದ ಗೂಡಿನಲ್ಲಿತ್ತು. ಗುಂಡಿ ಒತ್ತುವವರು ಗಂಡಸರು. ನಾವು ಹೆಂಗಸರು ಅಡುಗೆಮನೆಯಿಂದ, ಒಗ್ಗರಣೆಯ ಸದ್ದಿನ ನಡುವೆ, ಸಿಕ್ಕಷ್ಟು ಕೇಳಿದೆವು. ಯಾವುದು ಹಾಕಬೇಕೆಂದು ಯಾರೂ ನಮ್ಮನ್ನು ಕೇಳಲಿಲ್ಲ, ಕೇಳಬೇಕೆಂದು ನಮಗೂ ತೋಚಲಿಲ್ಲ.

ಕೊನೆಯದು ಭದ್ರತೆಯ ಪ್ರಶ್ನೆ. ಡಿಸ್ಕು ಎಂದಾದರೂ ಕೆಡುವ ವಸ್ತುವೇ. ಎರಡು ಡಿಸ್ಕುಗಳನ್ನು ಕನ್ನಡಿಯ ಹಾಗೆ ಎದುರುಬದುರು ಇಟ್ಟರೆ ಸಾಲದೇ ಎಂದೆ. ಸಾಲದಂತೆ. ಕನ್ನಡಿಯಲ್ಲಿ ಒಂದರಲ್ಲಿ ಅಳಿಸಿದ್ದು ಮರುಕ್ಷಣ ಇನ್ನೊಂದರಲ್ಲೂ ಅಳಿಯುತ್ತದೆ. ಕೈತಪ್ಪಿಗೆ ಕನ್ನಡಿ ರಕ್ಷಣೆಯಲ್ಲ. ಅದಕ್ಕೆ ಪ್ರತ್ಯೇಕ ನಕಲು ಬೇಕು. ಒಂದು ಯಂತ್ರದಲ್ಲಿ, ಒಂದು ಬೀರುವಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ. "ಮೂರು ಕಡೆ ಇದ್ದದ್ದು ಸಾಯೋದಿಲ್ಲ ಅಮ್ಮ" ಎಂದಳು ಮಗಳು. ಮೂರನೆಯದನ್ನು ಜೆ.ಪಿ. ನಗರಕ್ಕೆ ಒಯ್ಯುವುದೆಂದಾಯಿತು.

ಆಮೇಲೆ ಶುರುವಾಯಿತು ನಿಜವಾದ ಕೆಲಸ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಅವಸರದ ದಾರಿ ಯಾವುದೂ ಇರಲಿಲ್ಲ. ಒಂದು ಗಂಟೆಯ ಕ್ಯಾಸೆಟ್ಟು ಪೂರ್ತಿ ಒಂದು ಗಂಟೆ ಓಡಲೇಬೇಕು. ಟೇಪಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಗುಂಡಿ ಒತ್ತಿ, ನಾನು ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ದಿನಕ್ಕೆ ಎರಡೋ ಮೂರೋ. ಹೀಗೆ ತಿಂಗಳೊಪ್ಪತ್ತು ಕಳೆದ ಮೇಲೆ ಟ್ರಂಕಿನ ತಳದಲ್ಲಿ ಹೆಸರಿಲ್ಲದ ಒಂದು ಕ್ಯಾಸೆಟ್ಟು ಸಿಕ್ಕಿತು. ಹಿಂಬದಿಯ ಎರಡು ಪ್ಲಾಸ್ಟಿಕ್ ಮೂಲೆಗಳೂ ಮುರಿದಿದ್ದವು.

ಕ್ಯಾಸೆಟ್ಟು ಬಳಸಿದವರಿಗೆ ಗೊತ್ತು. ಆ ಚೂರುಗಳನ್ನು ಮುರಿದುಬಿಟ್ಟರೆ ಅದರ ಮೇಲೆ ಮತ್ತೇನೂ ರೆಕಾರ್ಡ್ ಮಾಡಲು ಬರುವುದಿಲ್ಲ, ಗುಂಡಿಯೇ ಕೆಳಗಿಳಿಯುವುದಿಲ್ಲ. ಅದನ್ನು ಮುರಿದವಳು ನಾನೇ, 1982ರಲ್ಲಿ, ಬಟ್ಟೆಯ ಪಿನ್ನಿನಿಂದ.

ಆ ವರ್ಷ ನನ್ನ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹೆಣ್ಣು ನೋಡುವ ಶಾಸ್ತ್ರ ಎಂದರೆ ಹಾಡು ಇರಲೇಬೇಕಲ್ಲ. ಅವಳ ಕಂಠ ನಮ್ಮ ಮನೆಯ ಹೆಮ್ಮೆ. ಬಚ್ಚಲಲ್ಲಿ ಅವಳು ಗುನುಗುತ್ತಿದ್ದರೆ ಬೀದಿಯಲ್ಲಿ ಹೂವಿನವಳು ನಿಂತು ಕೇಳಿ ಹೋಗುತ್ತಿದ್ದಳು. ಇವರಿಗೆ ಹೊಸ ಟೇಪ್ ರೆಕಾರ್ಡರಿನ ಸಂಭ್ರಮ. ತಂಗಿ ಹಾಡುವಾಗ ಗುಂಡಿ ಒತ್ತಿದರು. ದಾಸರ ಪದವೊಂದನ್ನು ಹಾಡಿದಳು. ಆ ದಿನ ಹಾಡಿದ ಹಾಗೆ ಅವಳು ಹಿಂದೆಂದೂ ಹಾಡಿರಲಿಲ್ಲ. ವಾರದ ಮೇಲೆ ಬೇಡವೆಂದು ಕಾಗದ ಬಂತು. "ಅದನ್ನ ಅಳಿಸಿಬಿಡಿ ಅತ್ತಿಗೆ" ಎಂದು ನಾದಿನಿ ನನ್ನ ಹತ್ತಿರ ಬಂದು ಹೇಳಿದಳು. ಇವರೂ ಆ ಕ್ಯಾಸೆಟ್ಟನ್ನು ನನ್ನ ಕೈಗೇ ಕೊಟ್ಟರು. ಅಂಥ ಕಂಠವನ್ನು ಅಳಿಸಲು ನನಗೆ ಕೈ ಬರಲಿಲ್ಲ. ಆಯಿತು ಎಂದೆ. ರಾತ್ರಿ ಮೂಲೆ ಮುರಿದು ಟ್ರಂಕಿನ ತಳಕ್ಕೆ ಹಾಕಿದೆ. ಎರಡು ವರ್ಷದ ಮೇಲೆ ಅವಳ ಮದುವೆ ಶಿವಮೊಗ್ಗದ ಕಡೆ ಆಯಿತು. ಸಂಸಾರ ಚೆನ್ನಾಗಿಯೇ ನಡೆಯಿತು. ಅವಳು ಮತ್ತೆ ಹಾಡಿದ್ದನ್ನು ಮಾತ್ರ ನಾನು ಕೇಳಲಿಲ್ಲ. ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನಗಳಲ್ಲಿ, ಆ ಎತ್ತರದ ಗೂಡಿಗೆ ಸ್ಟೂಲು ಹಾಕಿ ಹತ್ತಿ, ನಾಲ್ಕಾರು ಸಲ ಆ ಕ್ಯಾಸೆಟ್ಟು ಕೇಳಿದ್ದೇನೆ. ಒಂದು ದೊಡ್ಡ ವಸ್ತುವನ್ನು ನಾಶದಿಂದ ಕಾಪಾಡಿದೆನೆಂಬ ಹೆಮ್ಮೆ ನನಗಿತ್ತು.

ಈಗ ಅದನ್ನೂ ಓಡಿಸಿದೆ. ಅದೇ ಕಂಠ. ಟೇಪಿನ ಸುಯ್ಯೆಂಬ ಸದ್ದಿನ ನಡುವೆ ಇಪ್ಪತ್ತೆರಡರ ಹುಡುಗಿ. ಅವರೆಕಾಯಿ ಸುಲಿಯುವುದನ್ನು ಬಿಟ್ಟು ಕೇಳಿದೆ. ಹಾಡು ಮುಗಿಯಿತು. ಹಿಂದೆಲ್ಲ ಅಲ್ಲಿಗೆ ಗುಂಡಿ ಒತ್ತಿ ನಿಲ್ಲಿಸಿಬಿಡುತ್ತಿದ್ದೆ. ಈ ಸಲ ಕೈಯೆಲ್ಲ ಸೊಗಡು. ಎದ್ದು ತೊಳೆದು ಬರುವಷ್ಟರಲ್ಲಿ ಟೇಪು ಮುಂದೆ ಓಡುತ್ತಿತ್ತು.

"ಹಾಡು ಪರವಾಗಿಲ್ಲ. ಸ್ವಲ್ಪ ಬೆಳಕಿನ ಕಡೆ ಬಂದು ನಿಂತುಕೊಳ್ಳಲಿ" ಎಂದಿತು ಒಂದು ಹೆಂಗಸಿನ ದನಿ. ಬಳೆಯ ಸದ್ದು. "ಅಲ್ಲಿಂದ ಇಲ್ಲಿಗೆ ನಡೆಯಲಿ" ಎಂದರು ಇನ್ನಾರೋ. ಹೆಜ್ಜೆಗಳು ಅಲ್ಲಿಂದ ಇಲ್ಲಿಗೆ ಬಂದವು. ಮತ್ತೆ ಅಲ್ಲಿಗೆ ಹೋದವು. ನಮ್ಮ ಅತ್ತೆಯವರು ತಪ್ಪು ಮಾಡಿದವರ ಹಾಗೆ, "ಬಿಸಿಲಲ್ಲಿ ಕಾಲೇಜಿಗೆ ತಿರುಗಿ ಬಣ್ಣ ಸ್ವಲ್ಪ ಕಂದಿದೆ ಅಷ್ಟೆ" ಎನ್ನುತ್ತಿದ್ದರು. ಯಾರೋ ನಕ್ಕರು. ಆಗ ಕೇಳಿತು ಇನ್ನೊಂದು ಎಳೆಯ ದನಿ, ಬಹಳ ಉತ್ಸಾಹದಿಂದ: "ಇನ್ನೊಂದು ಚೂರು ಕೇಸರಿಬಾತು ಹಾಕಲಾ?"

ಅದು ನನ್ನ ದನಿ.

ಸುಲಿದ ಅವರೆಕಾಳಿನ ಬಟ್ಟಲ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ನಲವತ್ತು ವರ್ಷ ನಾನು ಕಾಪಾಡಿದ್ದು ಹಾಡನ್ನು ಎಂದುಕೊಂಡಿದ್ದೆ. ಅವಳಿಗೆ ಆ ಹಾಡು ಯಾವ ಕೋಣೆಯಲ್ಲಿ ಮುಗಿದಿತ್ತು ಎಂಬುದನ್ನು ಒಂದು ದಿನವೂ ಯೋಚಿಸಿರಲಿಲ್ಲ.

ಮಗಳಿಗೆ ಹೇಳಿದೆ. ಅವಳು ಈ ಕಾಲದ ಹುಡುಗಿ, ಪರಿಹಾರ ಅವಳ ಬೆರಳ ತುದಿಯಲ್ಲೇ ಇತ್ತು. "ಹಾಡು ಮಾತ್ರ ಕತ್ತರಿಸಿ ಇಟ್ಟುಕೊಳ್ಳೋಣ, ಮಿಕ್ಕಿದ್ದು ತೆಗೆದುಬಿಡೋಣ. ಬೇಕಾದರೆ ಯಾರಿಗೂ ಕಾಣದ ಹಾಗೆ ಬೀಗ ಹಾಕಿಡ್ತೀನಿ. ಅತ್ತೆಗೆ ಗೊತ್ತೂ ಆಗಲ್ಲ."

ಗೊತ್ತಾಗುವುದಿಲ್ಲ ಎಂಬುದು ನಿಜ. ಆದರೆ ನಲವತ್ತು ವರ್ಷ ನಾನು ಮಾಡಿದ್ದೂ ಅದನ್ನೇ ಅಲ್ಲವೇ?

ಆ ರಾತ್ರಿ ನಿದ್ದೆ ಬರದೆ ನನ್ನ ಪರವಾಗಿ ನಾನೇ ವಕಾಲತ್ತು ಹೂಡಿದೆ. ತ್ಯಾಗರಾಜರು 1847ರಲ್ಲಿ ತೀರಿಕೊಂಡರು. ವಾಲಾಜಾಪೇಟೆಯ ವೆಂಕಟರಮಣ ಭಾಗವತರಂಥ ಶಿಷ್ಯರು ಬರೆದಿಡದೆ ಹೋಗಿದ್ದರೆ ಎಷ್ಟೊಂದು ಕೃತಿಗಳು ಗಾಳಿಗೆ ಹೋಗುತ್ತಿದ್ದವು. ಪರದೇಶದ ಕಾಫ್ಕಾ ಎಂಬ ಲೇಖಕ ತನ್ನ ಬರಹಗಳನ್ನೆಲ್ಲ ಸುಟ್ಟುಬಿಡು ಎಂದು ಗೆಳೆಯನಿಗೆ ಹೇಳಿ 1924ರಲ್ಲಿ ಸತ್ತ. ಗೆಳೆಯ ಮ್ಯಾಕ್ಸ್ ಬ್ರೋಡ್ ಸುಡಲಿಲ್ಲ, ಅಚ್ಚು ಹಾಕಿಸಿದ. ಲೋಕ ಅವನಿಗೆ ಕೈಮುಗಿಯಿತು. ನಾನೂ ಅದೇ ಜಾತಿಯವಳಲ್ಲವೇ?

ಅಲ್ಲ ಎಂದಿತು ಒಳಗಿನ ಇನ್ನೊಂದು ದನಿ. ಶಿಷ್ಯರು ಬರೆದುಕೊಂಡದ್ದು ಗುರುಗಳ ಎದುರಿನಲ್ಲಿ. ಬ್ರೋಡ್ ಸುಡುವುದಿಲ್ಲವೆಂದು ಕಾಫ್ಕಾನ ಮುಖಕ್ಕೇ ಮೊದಲು ಹೇಳಿದ್ದನಂತೆ. ನಾನೋ ಆಯಿತು ಎಂದು ತಲೆಯಾಡಿಸಿ ಬಚ್ಚಿಟ್ಟವಳು. ಇನ್ನು ದನಿ ಉಳಿಯಲಿ ಎಂದು ಬಯಸಿದ ಹೆಂಗಸರು ಬೇರೆಯೇ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿನ ಕೊಳವೆಯ ಮುಂದೆ ನಿಂತು ಹಾಡಿದ ಗೌಹರ್ ಜಾನ್, ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳುತ್ತಿದ್ದಳು. ಆಕೆ ಕೊನೆಯುಸಿರೆಳೆದದ್ದು 1930ರಲ್ಲಿ, ನಮ್ಮ ಮೈಸೂರಿನಲ್ಲಿ. ನಮ್ಮ ಬೆಂಗಳೂರು ನಾಗರತ್ನಮ್ಮ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿಲ್ಲ ಎಂದಾಗ ಹೆಂಗಸರದೇ ಬೇರೆ ಆರಾಧನೆ ನಡೆಸಿದರು. ಅವರು ಹಾಡಲು ಜಗಳವಾಡಿದವರು. ನನ್ನ ನಾದಿನಿಗೆ ಹಾಡುವುದಿಲ್ಲ ಎನ್ನುವ ಹಕ್ಕೂ ಆ ದಿನ ಇರಲಿಲ್ಲ.

ಬೆಳಿಗ್ಗೆ ಅವಳಿಗೆ ಫೋನು ಮಾಡಿದೆ. ಅಳಿಸಲಿಲ್ಲ ಎಂದು ಹೇಳಿದೆ. ಕೇಸರಿಬಾತಿನವರೆಗೂ ಎಲ್ಲ ಹೇಳಿದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ.

"ಅಂದರೆ ಇಷ್ಟು ವರ್ಷ ಅದು ಇತ್ತಾ?" ಎಂದಳು.

"ಇತ್ತು ಕಣೇ. ತಪ್ಪಾಯಿತು."

"ನಾನು ಬಂದಾಗೆಲ್ಲ ಅದರ ಕೆಳಗೇ ಮಲಗ್ತಿದ್ದೆ, ಅಲ್ವಾ ಅತ್ತಿಗೆ?"

ಏನು ಹೇಳಲಿ? ಮಗಳ ಉಪಾಯವನ್ನು ಮೆಲ್ಲಗೆ ಮುಂದಿಟ್ಟೆ. ಹಾಡು ಮಾತ್ರ ಉಳಿಸಬಹುದು, ಮಿಕ್ಕ ಮಾತೆಲ್ಲ ಹೋಗುತ್ತದೆ, ನಿನ್ನ ಮೊಮ್ಮಕ್ಕಳು ಕೇಳಲಿ ಎಂದೆ. ಹೇಳುವಾಗ ನನ್ನ ದನಿಯಲ್ಲಿ ಆಸೆ ಇತ್ತು, ಸುಳ್ಳು ಹೇಳಲಾರೆ.

"ಅದು ನಾನು ಹಾಡಿದ್ದಲ್ಲ ಅತ್ತಿಗೆ, ನನ್ನ ಹತ್ತಿರ ಹಾಡಿಸಿದ್ದು. ಅಳಿಸಿಬಿಡಿ. ಈ ಸಲ ನಿಜವಾಗಿ ಅಳಿಸಿ."

ಉಳಿಸುವುದು ಕಷ್ಟ, ಅಳಿಸುವುದು ಸುಲಭ ಎಂದು ನಾವೆಲ್ಲ ತಿಳಿದಿದ್ದೇವೆ. ಈ ಯಂತ್ರಗಳ ಕಾಲದಲ್ಲಿ ಅದು ತಿರುಗುಮುರುಗಾಗಿದೆ. ಮಗಳು ಬಂದು ಕೂತಳು. ಕಂಪ್ಯೂಟರಿನಲ್ಲಿ ಅಳಿಸು ಎಂದರೆ ಅಳಿಯುವುದಿಲ್ಲವಂತೆ. ಪುಸ್ತಕದ ಪರಿವಿಡಿಯಲ್ಲಿ ಹೆಸರು ಹೊಡೆದುಹಾಕಿದ ಹಾಗೆ ಅಷ್ಟೆ. ಪುಟ ಅಲ್ಲೇ ಇರುತ್ತದೆ, ಅದರ ಮೇಲೆ ಬೇರೇನಾದರೂ ಬರೆಯುವವರೆಗೆ. ನಾವು ಕೊಂಡದ್ದು ಕಾಂತದ ಹಳೆಯ ಬಗೆಯ ತಿರುಗುವ ಡಿಸ್ಕಾದ್ದರಿಂದ ಅದೇ ಜಾಗದ ಮೇಲೆ ಅರ್ಥವಿಲ್ಲದ ಅಂಕಿಗಳನ್ನು ಬರೆಸಿದಳು. ಬೀರುವಿನ ನಕಲಿನಲ್ಲೂ ಹಾಗೆಯೇ. ಸಂಜೆ ಜೆ.ಪಿ. ನಗರಕ್ಕೆ ಹೋಗಿ ಅಲ್ಲೂ. ಮೂರು ಕಡೆ ಇದ್ದದ್ದು ಸಾಯುವುದಿಲ್ಲ ಎಂದು ನಾವೇ ಕಟ್ಟಿದ ಭದ್ರ ಕೋಟೆಯನ್ನು ನಾವೇ ಸುತ್ತಿಬಂದು ಒಂದೊಂದಾಗಿ ಬಾಗಿಲು ತೆಗೆದೆವು.

ಕ್ಯಾಸೆಟ್ಟಿನ ಕೆಲಸ ಮಾತ್ರ ನಾನೇ ಮಾಡಿದೆ. ಮುರಿದ ಮೂಲೆಗಳ ತೂತಿಗೆ ಅಂಟು ಟೇಪು ಹಚ್ಚಿದರೆ ರೆಕಾರ್ಡಿನ ಗುಂಡಿ ಮತ್ತೆ ಇಳಿಯುತ್ತದೆ. ಮೈಕು ಸಿಕ್ಕಿಸದೆ ಗುಂಡಿ ಒತ್ತಿ ಕೂತೆ. ಅರ್ಧ ಗಂಟೆ ಬರೀ ಮೌನವನ್ನು ರೆಕಾರ್ಡ್ ಮಾಡಿದೆ. ನಡುವೆ ಎದ್ದು ನಿಲ್ಲಿಸಿಬಿಡಲೇ ಎಂದು ಎರಡು ಸಲ ಅನಿಸಿತು. ನಮ್ಮ ಮನೆಯ ಅತಿ ಒಳ್ಳೆಯ ಕಂಠ ಹಾಗೆ ಹೋಯಿತು. ಅದು ನಷ್ಟವಲ್ಲ ಎಂದು ನಾನು ಹೇಳುವುದಿಲ್ಲ. ನಷ್ಟವೇ. ಆದರೆ ಆ ನಷ್ಟ ಎಣಿಸಬೇಕಾದವಳು ನಾನಲ್ಲ.

ಟ್ರಂಕಿನಲ್ಲಿ ಇನ್ನೂ ಕೆಲವು ದನಿಗಳಿವೆ. ಮಗುವಿಗೆ ಜೋಗುಳ ಹಾಡುತ್ತಿರುವ ನಮ್ಮ ಅತ್ತೆಯವರದು, ಕಚೇರಿಯ ನಡುವೆ ಕೆಮ್ಮಿ 'ಛೆ' ಎಂದುಕೊಂಡ ಇವರದು. ಅವರನ್ನು ಕೇಳಲು ಈಗ ಸಾಧ್ಯವಿಲ್ಲ. ಅವನ್ನು ಇಟ್ಟುಕೊಂಡಿದ್ದೇನೆ. ಸರಿಯೋ ತಪ್ಪೋ, ಬಲ್ಲವರು ಹೇಳಬೇಕು. ಯಂತ್ರ ಕೊಳ್ಳುವಾಗ ಎಷ್ಟು ಹಿಡಿಯುತ್ತದೆ, ಎಷ್ಟು ಕಾಲ ಬಾಳುತ್ತದೆ, ಎಷ್ಟು ಕರೆಂಟು ತಿನ್ನುತ್ತದೆ ಎಂದು ಕೂಲಂಕಷವಾಗಿ ವಿಚಾರಿಸಿದೆವು. ಒಳಗೆ ಹೋಗುವವರಿಗೆ ಹೋಗಲು ಒಪ್ಪಿಗೆಯೇ ಎಂದು ವಿಚಾರಿಸುವುದನ್ನು ನಮ್ಮ ಪಟ್ಟಿಯಲ್ಲಿ ಯಾರೂ ಬರೆದಿರಲಿಲ್ಲ.

ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ನಾದಿನಿ ಬಂದಿದ್ದಳು. ಮಾತು ಮೊದಲಿನಷ್ಟು ಸರಾಗವಿರಲಿಲ್ಲ. ಮಧ್ಯಾಹ್ನ ನಾನು ಅಡುಗೆಮನೆಯಲ್ಲಿದ್ದಾಗ ನಡುಮನೆಯಿಂದ ವೀಣೆ ಕೇಳಿಸಿತು. ಯಾರನ್ನೂ ಕೇಳದೆ ತಾನೇ ಹಾಕಿಕೊಂಡಿದ್ದಳು. ಇಣುಕಿ ನೋಡಿದೆ. ಕಡಲೆಕಾಯಿ ಬಿಡಿಸುತ್ತ, ಕಣ್ಣು ಮುಚ್ಚಿ, ಎಡಗೈ ಬೆರಳಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ತುಟಿ ಅಲುಗುತ್ತಿತ್ತೇ? ನನಗೆ ಕಾಣಲಿಲ್ಲ. ಹತ್ತಿರ ಹೋಗಿ ನೋಡಬೇಕೆನಿಸಿತು. ಹೋಗಲಿಲ್ಲ.